ಇಳಿಯುವವರ ಎಡಗಡೆ

ಮಾರ್ಚ್ ೩, ಸೋಮವಾರ

ಮಗಳ ಮನೆಗೆ ಬಂದು ಇಳಿದೆ. ಮೂರು ವಾರ ಇರುವ ಯೋಚನೆ. ಹೊಲಿಗೆ ಅಂಗಡಿಯ ಬಾಗಿಲಿಗೆ ಚೀಟಿ ಅಂಟಿಸಿ ಬಂದಿದ್ದೇನೆ: 'ಇಪ್ಪತ್ತನಾಲ್ಕರವರೆಗೆ ರಜೆ. ಅವಸರ ಇದ್ದವರು ಹಾಗೇ ಹಾಕಿಕೊಳ್ಳಿ.'

ಅಳಿಯಂದಿರ ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿದಿದೆ. ಒಳಗೆ ಸಲಾಕೆ ಹಾಕಿದ್ದಾರೆ. ಬಸ್ಸು ಗುದ್ದಿದ್ದಲ್ಲ, ಮೆಟ್ಟಿಲು ಜಾರಿದ್ದಲ್ಲ. ಊರಾಚೆಯ ಬೆಟ್ಟದಿಂದ ತಾವಾಗಿಯೇ ಸೈಕಲ್ಲಿನಲ್ಲಿ ಇಳಿಯುತ್ತಿದ್ದರಂತೆ. ಕೆಲಸ ಲಿಫ್ಟ್ ರಿಪೇರಿ. ವಾರವಿಡೀ ಜನರನ್ನು ಮೇಲೆ ಹತ್ತಿಸುವುದು, ಭಾನುವಾರ ತಾವು ಕೆಳಗೆ ಉರುಳುವುದು. ಮೂವತ್ತೆಂಟು ವರ್ಷದ ಗಂಡಸು! 'ಮಾಡಿದ್ದುಣ್ಣೋ ಮಹರಾಯ' ಎಂದು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. "ಹೇಗಿದ್ದೀರಿ?" ಎಂದು ಕೇಳಿದೆ. "ಚೆನ್ನಾಗಿದ್ದೀನಿ ಅತ್ತೆ, ನೀವು?" ಎಂದರು. ಅಲ್ಲಿಗೆ ಮಾತು ಮುಗಿಯಿತು. ಮದುವೆಯಾಗಿ ಆರು ವರ್ಷವಾದರೂ ನಮ್ಮಿಬ್ಬರ ನಡುವೆ ಇದಕ್ಕಿಂತ ಉದ್ದದ ಮಾತು ನಡೆದಿಲ್ಲ.

ಮಗಳು ಆಸ್ಪತ್ರೆಯಲ್ಲಿ ನರ್ಸು. ದಿನವಿಡೀ ಬೇರೆಯವರ ಗಾಯ, ಮನೆಗೆ ಬಂದರೆ ಇವರದು. ಬಟ್ಟೆ ಮಡಿಸುತ್ತಾ, "ಫೋನ್ ಬಂದಾಗ ನಂಗೆ ಅಪ್ಪನೇ ಕಣ್ಣಮುಂದೆ ಬಂದ್ರು ಅಮ್ಮ" ಎಂದಳು. ಇವಳಪ್ಪ ಒಂದು ಬೆಳಗ್ಗೆ ಮೋಟಾರ್ ಸೈಕಲ್ ಹತ್ತಿ ಹೋದವರು ಮರಳಿ ಬರಲಿಲ್ಲ. ಆಗ ಇವಳಿಗೆ ಹನ್ನೊಂದು. ನಾನು ದಿಂಬಿನ ಕವರು ಮಡಿಸಿದೆ. ಆ ಸೈಕಲ್ಲನ್ನು ಈ ಮನೆಯಿಂದ ಹೊರಗೆ ಹಾಕಿಸದೆ ಊರಿಗೆ ಹೋಗಬಾರದು ಎಂದು ತೀರ್ಮಾನಿಸಿದ್ದೇನೆ.

ಮಾರ್ಚ್ ೬, ಗುರುವಾರ

ಅಳಿಯಂದಿರು ಊಟವನ್ನು ಕೋಳಿಯ ಹಾಗೆ ಕೆದಕುತ್ತಾರೆ. ಡಾಕ್ಟರು ಹೇಳಿದ ವ್ಯಾಯಾಮ ಮಾಡುವುದಿಲ್ಲ. ಮಂಚದ ಪಕ್ಕದ ಕಿಟಕಿಯಿಂದ ಬೆಟ್ಟ ಕಾಣುತ್ತದೆ. ಮಗಳು ಪರದೆ ಎಳೆದು ಹೋಗುತ್ತಾಳೆ, ಇವರು ಊರುಗೋಲಿನ ತುದಿಯಿಂದ ಅದನ್ನು ಸರಿಸುತ್ತಾರೆ. ದಿನಕ್ಕೆ ನಾಲ್ಕು ಸಲ ಇದೇ.

ಸಂಜೆ ಇವರ ಗೆಳೆಯ ಬಂದ. ಸೈಕಲ್ ಅಂಗಡಿಯವನು. ಎಲ್ಲರೂ ಅವನನ್ನು ಪಂಚರ್ ಎನ್ನುತ್ತಾರೆ, ಅವನೂ ಫೋನೆತ್ತಿ "ಪಂಚರ್ ಮಾತಾಡ್ತಿರೋದು" ಎನ್ನುತ್ತಾನೆ. ಕುರ್ಚಿಯಲ್ಲಿ ಕೂರುವ ಮೊದಲೇ ಶುರು ಮಾಡಿದ.

"ಒಂದೇ ಒಂದು ದಾರಿಗೆ ಒಪ್ಕೋತಾರಂತೆ ಕಣೋ. ಏಪ್ರಿಲ್ ಹನ್ನೆರಡಕ್ಕೆ ಅರಣ್ಯ ಇಲಾಖೆ ಮೇಡಂ ಬಂದು ನಡೆದು ನೋಡ್ತಾರೆ. ಅಷ್ಟರೊಳಗೆ ತುದಿಯಿಂದ ಬುಡದವರೆಗೆ ನಕ್ಷೆ ಬೇಕು. ಇಲ್ಲಾಂದ್ರೆ ಇನ್ಮೇಲೆ ಚಕ್ರ ಇರೋ ಯಾವುದೂ ಬೆಟ್ಟಕ್ಕೆ ಹೋಗೋ ಹಾಗಿಲ್ಲ."

ಆಗ ತಿಳಿಯಿತು, ಅಳಿಯಂದಿರು ಮೂರು ವರ್ಷದಿಂದ ಮಾಡುತ್ತಿದ್ದುದು ಬರೀ ಉರುಳಾಟವಲ್ಲ ಎಂದು. ಹೊಸಬರೂ ಕಲಿಯಬಹುದಾದ, ಹಳಬರಿಗೂ ಮಜಾ ಕೊಡುವ ಒಂದು ಇಳಿಜಾರಿನ ದಾರಿಯನ್ನು ಹುಡುಕುತ್ತಿದ್ದರಂತೆ. ಮೇಲಿನ ಅರ್ಧ ಸಿಕ್ಕಿದೆ, ಕೆಳಗಿನ ಅರ್ಧ ಸಿಕ್ಕಿಲ್ಲ. ಅದನ್ನು ಹುಡುಕುವಾಗಲೇ ಬಿದ್ದದ್ದು.

"ಇನ್ನೊಂದಿದೆ" ಎಂದ ಪಂಚರ್. "ಸೈಕಲ್ ಓಡಿಸದೆ ಬರೀ ನಡೆಯೋ ಒಬ್ರು, ಇದರಿಂದ ನಮಗೆ ತೊಂದ್ರೆ ಇಲ್ಲ ಅಂತ ಸಹಿ ಹಾಕ್ಬೇಕು. ಬೆಳಗ್ಗೆ ವಾಕಿಂಗ್ ಬರೋ ಹಿರಿಯರಿಗೆ ನಮ್ಮನ್ನ ಕಂಡ್ರೆ ಮೈಯೆಲ್ಲ ಉರಿ. ಮನೆಯವರಾದ್ರೂ ಅಡ್ಡಿಯಿಲ್ವಂತೆ."

"ಬಿಡು. ನಂಗೆ ಬಾತ್‌ರೂಮಿಗೆ ಹೋಗೋಕೇ ಇನ್ನೊಬ್ರು ಬೇಕು" ಎಂದು ಇವರು ಗೋಡೆಯ ಕಡೆ ತಿರುಗಿದರು.

ಅಡುಗೆಮನೆಯಲ್ಲಿ ಮಗಳು ನನ್ನ ತೋಳು ಹಿಡಿದಳು. "ನೀನೇ ಹೋಗಿ ನಡೆದು ನೋಡಮ್ಮ. ಆ ದಿನ ಬಂದಾಗ ಅಪಾಯ ಅಂತ ಹೇಳಿಬಿಡು. ನಾನು ಬೇಡ ಅಂದ್ರೆ ನನ್ನ ಜೊತೆ ಜಗಳ ಆಗತ್ತೆ. ಬೆಟ್ಟವೇ ಬೇಡ ಅಂದ್ರೆ ಯಾರ ಹತ್ರ ಜಗಳ ಆಡ್ತಾರೆ?"

ನನ್ನ ಮಗಳಲ್ಲವೇ, ತಲೆ ಇದೆ. ಒಳಗೆ ಹೋಗಿ, "ನಾನು ಹೋಗಿ ನೋಡ್ಕೊಂಡು ಬರ್ತೀನಿ, ಏನೇನು ನೋಡ್ಬೇಕು ಹೇಳಿ" ಎಂದೆ. ಆ ಮುಖ ಅರಳಿದ್ದನ್ನು ನೋಡಬಾರದಿತ್ತು.

ಮಾರ್ಚ್ ೮, ಶನಿವಾರ

ದೂರದ ಬೆಟ್ಟ ನುಣ್ಣಗೆ ಅನ್ನುತ್ತಾರೆ. ಇದು ದೂರದಿಂದಲೇ ನುಣ್ಣಗಿರಲಿಲ್ಲ, ಹತ್ತಿರ ಹೋದರೆ ಕೇಳಬೇಕೇ. ಮಗಳ ಬೂಟು ಅರ್ಧ ಇಂಚು ದೊಡ್ಡದು. ಎರಡು ಜೊತೆ ಕಾಲುಚೀಲ ಹಾಕಿಕೊಂಡು, ಕುತ್ತಿಗೆಗೆ ಅಳತೆ ಟೇಪು ನೇತುಹಾಕಿಕೊಂಡು ಹತ್ತಿದೆ. ಎಲ್ಲಿ ದಾರಿ ಇಕ್ಕಟ್ಟು, ಎಲ್ಲಿ ಬೇರು, ಎಲ್ಲಿ ಕಲ್ಲು, ಯಾವ ತಿರುವು ಯಾವ ಕಡೆಗೆ, ಎಲ್ಲ ಬರೆದುಕೊಂಡು ಬಂದೆ. ಇದೆಲ್ಲ ನನ್ನ ಪಾಲಿಗೆ ಅಪಾಯಗಳ ಪಟ್ಟಿ. ಹದಿನಾಲ್ಕು ಸಿಕ್ಕಿವೆ.

ಅಳಿಯಂದಿರು ಪುಸ್ತಕ ತಿರುವಿ ಕೇಳಿದರು, "ಅತ್ತೆ, ಇಲ್ಲಿ ನೆರಿಗೆ ಅಂತ ಬರ್ದಿದ್ದೀರಿ?"

"ನೆಲ ಹತ್ತು ಹೆಜ್ಜೆಯೊಳಗೆ ನಾಲ್ಕು ಸಲ ಎದ್ದು ಬಿದ್ದಿದೆ. ಇಸ್ತ್ರಿ ಮಾಡದ ಲಂಗದ ಹಾಗೆ."

ತಟ್ಟನೆ ಎದ್ದು ಕೂತರು. "ಅಯ್ಯೋ, ಅದು ಎಷ್ಟು ಮಜಾ ಬರೋ ಜಾಗ ಗೊತ್ತಾ! ಬ್ರೇಕ್ ಹಿಡೀಬಾರದು, ಪೆಡಲ್ ತುಳೀಬಾರದು. ಮೊಣಕಾಲು ಸಡಿಲ ಬಿಟ್ರೆ ನೆಲವೇ ನಮ್ಮನ್ನ ಎತ್ತಿ ಎತ್ತಿ ಇಳಿಸತ್ತೆ."

ನನ್ನ ಒಂದನೇ ನಂಬರಿನ ಅಪಾಯ ಅವರ ಒಂದನೇ ನಂಬರಿನ ಮಜಾ. ಎರಡು ಬಂಡೆಗಳ ನಡುವಿನ ಸಂದಿಗೆ ನಾನು 'ಕಾಜಾ' ಎಂದು ಬರೆದಿದ್ದೆ, ಗುಂಡಿ ತೂರುವ ಹಾಗೆ ಒಬ್ಬರೇ ತೂರಬಹುದು. ಅದಕ್ಕೂ ನಕ್ಕರು. ಊಟ ಎರಡನೇ ಸಲ ಹಾಕಿಸಿಕೊಂಡರು. ಮಗಳು ನನ್ನತ್ತ ನೋಡಿದಳು, ನಾನು ಪಾತ್ರೆಯತ್ತ ನೋಡಿದೆ.

ಮಾರ್ಚ್ ೧೧, ಮಂಗಳವಾರ

ಅವರು ಬಿದ್ದ ಜಾಗ ನೋಡಿದೆ. ಮೇಲಿನ ದಾರಿ ಮುಗಿದು ಕೆಳಗೆ ನೇರ ಕಡಿದು ಬೀಳುವಲ್ಲಿ, ಎಮ್ಮೆ ಮಲಗಿದಂತೆ ಒಂದು ಬಂಡೆ. ಅದರ ಮೇಲೆ ಸೈಕಲ್ಲಿನ ಬಣ್ಣ ಉಜ್ಜಿದ ಗೆರೆ ಇನ್ನೂ ಇದೆ. ಕೆಳಗೆ ಕೂತುಬಿಟ್ಟೆ. ಅರ್ಧ ಗಂಟೆ ಇಲ್ಲೇ ಬಿದ್ದಿದ್ದರಂತೆ, ಪಂಚರ್ ಬರುವ ತನಕ. ಅಷ್ಟು ಹೊತ್ತು ಏನು ಯೋಚಿಸಿದರೋ. ನನ್ನ ಗಂಡ ರಸ್ತೆಯಲ್ಲಿ ಬಿದ್ದಾಗ ಏನು ಯೋಚಿಸಿದರೋ ಅದೂ ನನಗೆ ಗೊತ್ತಿಲ್ಲ. ಅತ್ತುಬಿಟ್ಟೆ. ಯಾರೂ ಇರಲಿಲ್ಲ.

ಪುಸ್ತಕದಲ್ಲಿ ಇದೊಂದೇ ಬರೆದೆ: ಬಂಡೆ. ಅಪಾಯ. ಇದು ಯಾರ ಮಜಾವೂ ಅಲ್ಲ.

ಮಾರ್ಚ್ ೧೬, ಭಾನುವಾರ

ಇವತ್ತಿನದನ್ನು ಬರೆಯುವಾಗಲೂ ನಗು ಬರುತ್ತಿದೆ.

ನಾನು ತಂದ ಲೆಕ್ಕದ ಮೇಲೆ ಅಳಿಯಂದಿರು ಮೇಲಿನ ಅರ್ಧದ ನಕ್ಷೆ ಬರೆದರು. ಆ ದಾರಿಯಲ್ಲಿ ಎಂದೂ ಇಳಿಯದ ಪಂಚರ್ ಅದನ್ನು ನೋಡಿಕೊಂಡು ಇಳಿದು ಪರೀಕ್ಷೆ ಮಾಡಬೇಕು. ನಾನು ಕೆಳಗೆ ನಿಂತಿದ್ದೆ. ಕಾಜಾ ದಾಟಿದ ಮೇಲೆ ಬಲಕ್ಕೆ ತಿರುಗಬೇಕಾದವನು ಎಡಕ್ಕೆ ತಿರುಗಿದ. ಅಲ್ಲಿ ದಾರಿ ಇಲ್ಲ, ಮುಳ್ಳಿನ ಪೊದೆ ಇದೆ. "ಅಮ್ಮಾ!" ಎಂದು ಕೂಗಿದ. ನನ್ನನ್ನೋ, ಹೆತ್ತವಳನ್ನೋ ತಿಳಿಯಲಿಲ್ಲ. ಹೋಗಿ ಎಳೆದು ತೆಗೆದೆ. ಎಲುಬು ಗಟ್ಟಿಯಿದೆ, ಚರ್ಮ ಮಾತ್ರ ಜಾಲರಿ. ನಕ್ಷೆಯನ್ನು ನನ್ನ ಮೂಗಿಗೆ ಹಿಡಿದು, "ನೀವೇ ಹೇಳಿ, ಎಡ ಅಂತ ಇದೆಯೋ ಇಲ್ವೋ!" ಎಂದ. ಇತ್ತು.

ಮನೆಗೆ ಬಂದು ವಿಚಾರಣೆ ನಡೆಯಿತು. ನಾನು ಹತ್ತುವವಳು. ನನ್ನ ಎಡ ಇಳಿಯುವವರ ಬಲ. ಅಷ್ಟು ತಿಳಿಯದವಳೇ? ಕಾಯಿಲೆ ಮನುಷ್ಯನಿಗೆ ತೊಂದರೆ ಬೇಡ ಎಂದು ಪ್ರತಿದಿನ ನಾನೇ ಎಲ್ಲ ತಿರುಗಿಸಿ ಬರೆದುಕೊಡುತ್ತಿದ್ದೆ. ಅಳಿಯಂದಿರೋ, ಓಡಿಸುವಾಗ ಎಡ ಬಲ ಯಾರು ನೆನಪಿಡುತ್ತಾರೆ, ಅತ್ತೆ ಹತ್ತುತ್ತಾ ಕಂಡ ಹಾಗೆ ಬರೆದಿರುತ್ತಾರೆ, ತಪ್ಪು ಎಂದರೆ ಬೇಜಾರಾಗುತ್ತದೆ ಎಂದು ಸದ್ದಿಲ್ಲದೆ ಎಲ್ಲವನ್ನೂ ಇನ್ನೊಮ್ಮೆ ತಿರುಗಿಸಿಬಿಟ್ಟಿದ್ದಾರೆ.

"ಒಂದು ಮಾತು ಕೇಳೋಕೇನಾಗಿತ್ತು ನಿಮಗೆ?" ಎಂದೆ.

"ಅತ್ತೆಗೆ ಹೇಗೆ ಕೇಳೋದು? ನೀವು ಹೇಳ್ಬಹುದಿತ್ತಲ್ಲ?"

"ಅಳಿಯನಿಗೆ ಹೇಗೆ ಹೇಳೋದು?"

ಪಂಚರ್ ಮುಳ್ಳು ಕೀಳಿಸಿಕೊಳ್ಳುತ್ತಾ, "ನಿಮ್ಮಿಬ್ಬರ ಮರ್ಯಾದೆ ನನ್ನ ಬೆನ್ನಿಗೆ ಬಂತು" ಎಂದ. ಮೊದಲು ಅಳಿಯ ನಕ್ಕ. ಆಮೇಲೆ ನನಗೆ ತಡೆಯಲಾಗಲಿಲ್ಲ. ಕಾಲು ಅಲುಗಾಡಿ ನೋವಾದರೂ ಅವನು ನಗುವುದು ಬಿಡಲಿಲ್ಲ. ಇನ್ನು ಮೇಲೆ ಏನಿದ್ದರೂ ಬಾಯಿಬಿಟ್ಟು ಹೇಳಬೇಕು, ಪುಸ್ತಕದಲ್ಲಿ 'ಇಳಿಯುವವರ ಎಡ' ಎಂದು ಪೂರ್ತಿ ಬರೆಯಬೇಕು ಎಂದು ಒಪ್ಪಂದವಾಗಿದೆ.

ಮಾರ್ಚ್ ೧೯, ಬುಧವಾರ

ಬಾಯಿಬಿಟ್ಟು ಹೇಳುವುದನ್ನು ನಾನೇ ಶುರು ಮಾಡಿದೆ. "ವ್ಯಾಯಾಮ ಮಾಡದಿದ್ರೆ ನಾಳೆಯಿಂದ ಬೆಟ್ಟದ ಸುದ್ದಿ ಇಲ್ಲ." ಮಾಡಿದ. ಅಯ್ಯೋ ಅಮ್ಮ ಎನ್ನುತ್ತಲೇ ಇಪ್ಪತ್ತು ಸಲ ಕಾಲೆತ್ತಿದ.

ಮಾರ್ಚ್ ೨೦, ಗುರುವಾರ

ಮಂಡಿ ನೋವು. ಬೆಟ್ಟಕ್ಕೆ ಹೋಗಲಿಲ್ಲ. ದಿನ ಮುಗಿಯಲೇ ಇಲ್ಲ.

ಮಾರ್ಚ್ ೨೩, ಭಾನುವಾರ

ಕೆಳಗಿನ ಅರ್ಧ ಸಿಕ್ಕಿತು!

ಪಂಚರ್ ಹಳೇ ಟಯರುಗಳನ್ನು ತಂದಿದ್ದ. ಎಮ್ಮೆಬಂಡೆಯ ಮೇಲುಗಡೆ ನಿಂತು ಒಂದೊಂದನ್ನೇ ಉರುಳಿಸಿ ನೋಡಿದೆವು, ಇಳಿಜಾರು ಎಲ್ಲಿಗೆ ಕರೆದೊಯ್ಯುತ್ತದೆ ಎಂದು. ಎಲ್ಲವೂ ನೇರ ಹೋಗಿ ಬಂಡೆಗೇ ಗುದ್ದಿದವು. ಇಲ್ಲಿ ಎಲ್ಲರೂ ನೇರ ಇಳಿಯುವುದನ್ನೇ ಯೋಚಿಸಿದ್ದಾರೆ, ಅಳಿಯನೂ ಸೇರಿ. ಬಟ್ಟೆಯನ್ನು ನೇರಕ್ಕೆ ಹಿಡಿದರೆ ಮರದ ಹಲಗೆ, ಓರೆಗೆ ಕತ್ತರಿಸಿದರೆ ಮೈಗೆ ಕೂರುತ್ತದೆ. ಬಂಡೆಗೆ ಇಪ್ಪತ್ತು ಹೆಜ್ಜೆ ಮೊದಲೇ ಇಳಿಯುವವರ ಎಡಕ್ಕೆ ಹೊರಳಿ, ಬೆಟ್ಟದ ಮೈಮೇಲೆ ಓರೆಯಾಗಿ ನಡೆದೆ. ಪೊದೆ ಸರಿಸಿದರೆ ಹಿಂದೆ ಯಾವುದೋ ಕಾಲದಲ್ಲಿ ದನಗಳು ತುಳಿದ ಒಂದು ಅಂಚು. ಅದನ್ನೇ ಹಿಡಿದು ಹೋದರೆ ಅಗಲವಾದ ತಿರುವು, ಮತ್ತೆ ಓರೆ, ಮತ್ತೆ ತಿರುವು, ಏಳು ತಿರುವಿನಲ್ಲಿ ಬುಡ. ಮಳೆನೀರು ಹರಿಯುವ ಕೊರಕಲು ಎಲ್ಲೂ ಇಲ್ಲ.

ಫೋನಿನಲ್ಲಿ ಹೇಳಿದೆ. ಅಳಿಯ, "ಮೂರು ವರ್ಷ ಆ ಬಂಡೆನೇ ದಾಟೋದು ಹೇಗೆ ಅಂತ ನೋಡ್ತಿದ್ದೆ ಅತ್ತೆ. ಬಿಟ್ಟು ಹೋಗ್ಬಹುದು ಅಂತ ಹೊಳೀಲೇ ಇಲ್ಲ" ಎಂದ.

ಮಾರ್ಚ್ ೨೬, ಬುಧವಾರ

ಮೊನ್ನೆಯೇ ಊರಿಗೆ ಹೊರಡಬೇಕಿತ್ತು. ಹೊಸ ದಾರಿಯ ಕಲ್ಲು ತೆಗೆಯುವ ಗಲಾಟೆಯಲ್ಲಿ ಮರೆತೇಹೋಯಿತು. ಅಂಗಡಿಯ ಪಕ್ಕದವಳಿಗೆ ಫೋನ್ ಮಾಡಿ ಚೀಟಿಯಲ್ಲಿ ತಾರೀಕು ತಿದ್ದಲು ಹೇಳಿದೆ. "ಎಷ್ಟು ಅಂತ ತಿದ್ದಲಿ?" ಎಂದಳು. "ತಾರೀಕೇ ಅಳಿಸಿಬಿಡು" ಎಂದೆ.

ಇವತ್ತು ಹತ್ತೊಂಬತ್ತು ಕಲ್ಲು.

ಮಾರ್ಚ್ ೩೦, ಭಾನುವಾರ

ಏಳನೇ ತಿರುವು ತುಂಬಾ ಬಿಗಿಯೋ, ಸಾಕಷ್ಟು ಅಗಲವೋ ಎಂದು ನನಗೂ ಪಂಚರ್‌ಗೂ ವಾದ. ಅಳಿಯ ಫೋನಿನಲ್ಲೇ ತೀರ್ಪು ಕೊಟ್ಟ: "ನಡೆದ್ರೆ ಗೊತ್ತಾಗಲ್ಲ ಅತ್ತೆ. ಕೂತು ನೋಡಿ." ಪಂಚರ್ ಅಳಿಯನ ಸೈಕಲ್ಲನ್ನು ರಿಪೇರಿ ಮಾಡಿ ತಂದೇ ಇದ್ದ, ಕಳ್ಳ. ಸೀಟು ಇಳಿಸಿ, ಹೆಲ್ಮೆಟ್ಟು ನನ್ನ ತಲೆಗೇರಿಸಿದ. ನಾನೇನು ಸೈಕಲ್ ಕಾಣದವಳಲ್ಲ. ಮದುವೆಗೆ ಮೊದಲು ಹೊಲಿದ ಬಟ್ಟೆಯ ಗಂಟು ಕಟ್ಟಿಕೊಂಡು ಮನೆಮನೆಗೆ ಹೋಗುತ್ತಿದ್ದೆ.

"ಕಣ್ಣು ಚಕ್ರದ ಮೇಲೆ ಬೇಡ, ಎಲ್ಲಿಗೆ ಹೋಗ್ಬೇಕೋ ಅಲ್ಲಿಡಿ. ಎರಡೇ ಬೆರಳಲ್ಲಿ ಬ್ರೇಕ್. ಸೀಟಿಂದ ಸ್ವಲ್ಪ ಎದ್ದು ನಿಂತ್ಕೊಳ್ಳಿ" ಎಂದು ಅಳಿಯ ಫೋನಿನಲ್ಲೇ ಹೇಳಿಕೊಟ್ಟ.

ಕೊನೆಯ ಎರಡು ತಿರುವು ಮಾತ್ರ. ಬರೀ ಅಳತೆಗಾಗಿ. ತಿರುವು ಸರಿಯಾಗಿಯೇ ಇದೆ, ಹೊರ ಅಂಚಿಗೆ ಒಂದು ಗೇಣು ಮಣ್ಣು ಏರಿಸಬೇಕು. ಖಚಿತ ಮಾಡಿಕೊಳ್ಳಲು ಇನ್ನೂ ಮೂರು ಸಲ ಇಳಿಯಬೇಕಾಯಿತು.

ಏಪ್ರಿಲ್ ೩, ಗುರುವಾರ

ಅಳಿಯನ ಹಳೇ ಪ್ಯಾಂಟೊಂದರ ಸೊಂಟ ಕಿರಿದು ಮಾಡಿ, ಕಾಲು ಕತ್ತರಿಸಿ ನನಗೆ ಸರಿಮಾಡಿಕೊಂಡೆ. ಬರೀ ನಡೆಯುವುದಕ್ಕೂ ಪೊದೆಯಲ್ಲಿ ಇದೇ ಅನುಕೂಲ. ಇವತ್ತು ಮೂರನೇ ತಿರುವಿನಿಂದ ಇಳಿದೆ. ಮಣ್ಣು ಗಟ್ಟಿಯಾಗಿ ಕೂತಿದೆ. ಅಳಿಯ ಊರುಗೋಲು ಹಿಡಿದು ಬೀದಿಯ ಕೊನೆಯವರೆಗೆ ಹೋಗಿ ಬಂದ. ಬಂದವನೇ, "ತಿರುವಲ್ಲಿ ಮೊಣಕಾಲು ಮಡಿಸ್ತಿದ್ದೀರಾ ತಾನೇ?" ಎಂದು ನನ್ನನ್ನು ವಿಚಾರಿಸಿದ. "ನಿನ್ನ ಮೊಣಕಾಲು ಮಡಿಸೋದು ನೋಡ್ಕೋ ಮೊದಲು" ಎಂದೆ.

ಏಪ್ರಿಲ್ ೭, ಸೋಮವಾರ

ಮಗಳು ಕೇಳಿದಳು, "ಅಪಾಯ ಎಷ್ಟು ಸಿಕ್ತಮ್ಮ?"

"ಮೊದಲು ಹದಿನಾಲ್ಕಿತ್ತು."

"ಈಗ?"

"ಲೆಕ್ಕ ಹಾಕ್ತಿದ್ದೀನಿ."

"ಶನಿವಾರ ನಾನೂ ರಜಾ ಹಾಕಿ ಬರ್ತೀನಿ. ನೀನು ಬೇಡ ಅನ್ನುವಾಗ ಪಕ್ಕದಲ್ಲಿರ್ತೀನಿ. ಅವರು ನಿನ್ನ ಮೇಲೆ ಕೋಪ ಮಾಡ್ಕೊಂಡ್ರೆ ನೋಡೋಕಾಗಲ್ಲ, ನಾನೇ ಹೇಳಿಸಿದ್ದು ಅಂತೀನಿ."

ಈ ಮಗಳಿಗೆ ನಾನು ಏನು ಮಾಡುತ್ತಿದ್ದೇನೆ? ಹನ್ನೊಂದು ವರ್ಷದವಳ ಕೈ ಹಿಡಿದು, 'ನಿನಗೆ ಇನ್ನೊಂದು ಸಲ ಹೀಗಾಗೋಕೆ ಬಿಡಲ್ಲ' ಎಂದವಳು ನಾನೇ. ಅಡಕತ್ತರಿಯಲ್ಲಿ ಸಿಕ್ಕ ಅಡಿಕೆಯಾಗಿದ್ದೇನೆ. ಬೆಟ್ಟದ ಮೇಲಿದ್ದಾಗ ಇದು ಹೊಳೆಯುವುದೇ ಇಲ್ಲ, ಅದೇ ತೊಂದರೆ. ಹೇಳಬೇಕು, ಹೇಳಬೇಕು ಎಂದುಕೊಂಡು ಸೊಪ್ಪು ಸೋಸಿ ಮುಗಿಸಿದೆ.

ಏಪ್ರಿಲ್ ೧೦, ಗುರುವಾರ

ಹೇಳಲಿಲ್ಲ.

ಏಪ್ರಿಲ್ ೧೨, ಶನಿವಾರ

ಬೆಳಗ್ಗೆ ಏಳಕ್ಕೆಲ್ಲ ಬೆಟ್ಟದ ಬುಡದಲ್ಲಿದ್ದೆವು. ಪಂಚರ್‌ನ ವ್ಯಾನಿನಲ್ಲಿ ಅಳಿಯನನ್ನು ಕರೆತಂದು ಒಂದು ಕುರ್ಚಿ ಹಾಕಿ ಕೂರಿಸಿದೆವು. ಮಗಳು ಅವನ ಪಕ್ಕ ಉಳಿದಳು. ಇಲಾಖೆಯ ಮೇಡಂ ಕಟ್ಟುನಿಟ್ಟಿನ ಹೆಂಗಸು, ನನಗಿಂತ ಹತ್ತು ವರ್ಷ ಚಿಕ್ಕವರು, ನನಗಿಂತ ಜೋರಾಗಿ ಏದುಸಿರು ಬಿಟ್ಟರು. ತುದಿಯವರೆಗೆ ಹತ್ತಿಸಿ, ನಕ್ಷೆ ಕೈಗೆ ಕೊಟ್ಟು, ಒಂದೊಂದು ತಿರುವನ್ನೂ ತೋರಿಸುತ್ತಾ ಇಳಿಸಿಕೊಂಡು ಬಂದೆ. ನೀರು ಎಲ್ಲಿ ಹೋಗುತ್ತದೆ, ನಡೆಯುವವರು ಎಲ್ಲಿ ಪಕ್ಕಕ್ಕೆ ನಿಲ್ಲಬಹುದು, ಎಲ್ಲ ಕೇಳಿದರು. ಎಲ್ಲಕ್ಕೂ ನನ್ನ ಬಳಿ ಉತ್ತರವಿತ್ತು.

ಕೆಳಗೆ ಬಂದು ಕಲ್ಲಿನ ಮೇಲೆ ಕೂತು ಕಾಗದ ತೆಗೆದರು. ಮೊದಲ ಸಾಲು: 'ನಾನು ಈ ಬೆಟ್ಟದಲ್ಲಿ ನಡೆದಾಡುವವಳು. ಸೈಕಲ್ ಓಡಿಸುವವಳಲ್ಲ.'

ಪೆನ್ನು ಕೈಯಲ್ಲೇ ಉಳಿಯಿತು. ಬರೀ ಅಳತೆಗೆ ಎಂದು ಎಷ್ಟು ಸಲ ಇಳಿದೆ? ಮನಸ್ಸಿನಲ್ಲೇ ಎಣಿಸಿದೆ, ಇಪ್ಪತ್ತು ದಾಟಿತು. ಸುಮ್ಮನೆ ಸಹಿ ಹಾಕಿದರೆ ಅಳಿಯನ ದಾರಿ ಉಳಿಯುತ್ತದೆ. ನಿಜ ಹೇಳಿದರೆ ನನ್ನ ಸಹಿ ನಡೆಯುವುದಿಲ್ಲ. ನಲವತ್ತು ವರ್ಷ ಬಟ್ಟೆ ಹೊಲಿದಿದ್ದೇನೆ, ಯಾರದೂ ಒಂದು ತುಂಡು ಇಟ್ಟುಕೊಂಡವಳಲ್ಲ.

"ಮೇಡಂ, ಇದಕ್ಕೆ ನಾನು ಸಹಿ ಹಾಕೋ ಹಾಗಿಲ್ಲ."

ಮಗಳು ಉಸಿರು ಬಿಟ್ಟಳು. ಮಾತು ಉಳಿಸಿಕೊಂಡೆ ಎಂದುಕೊಂಡಳು. ಅಳಿಯ ತಲೆ ತಗ್ಗಿಸಿದ.

"ಅಪಾಯ ಇದೆಯಾ?" ಎಂದರು ಮೇಡಂ.

"ಅದಲ್ಲ. ನಾನು ಸೈಕಲ್ ಓಡಿಸ್ತೀನಿ. ಇದೇ ದಾರೀಲಿ."

ಮೇಡಂ ನನ್ನ ಬಿಳಿ ಕೂದಲು ನೋಡಿದರು, ಪ್ಯಾಂಟು ನೋಡಿದರು. "ಎಲ್ಲಿ, ತೋರಿಸಿ" ಎಂದರು.

ಎಮ್ಮೆಬಂಡೆಯ ಮೇಲಿನವರೆಗೆ ಪಂಚರ್ ಸೈಕಲ್ ತಳ್ಳಿಕೊಂಡು ಬಂದ. ಕೆಳಗೆ ಮಗಳು ನಿಂತಿದ್ದಳು, ಅವಳ ಕಡೆ ನೋಡಲಿಲ್ಲ, ಹೋಗಬೇಕಾದ ಕಡೆ ನೋಡಿದೆ. ಹೊರಟೆ. ಎಡಕ್ಕೆ ಹೊರಳಿದೆ, ಬಂಡೆ ಪಕ್ಕಕ್ಕೆ ಸರಿದು ಹೋಯಿತು. ಓರೆಯಲ್ಲಿ ಚಕ್ರ ಸದ್ದಿಲ್ಲದೆ ಓಡಿತು, ತಿರುವಿನ ಅಂಚು ನನ್ನನ್ನು ಎತ್ತಿ ಇನ್ನೊಂದು ಕಡೆಗೆ ಕೊಟ್ಟಿತು, ಅದು ಮುಂದಿನದಕ್ಕೆ ಕೊಟ್ಟಿತು. ಏಳೂ ಮುಗಿದು ಕುರ್ಚಿಯ ಮುಂದೆ ಬಂದು ನಿಂತಾಗ ಇನ್ನೂ ಎರಡು ತಿರುವು ಇರಬಾರದಿತ್ತೇ ಅನ್ನಿಸಿತು.

ಮಗಳ ಮುಖ ಬಿಳಿಚಿತ್ತು. "ಎಷ್ಟು ದಿನದಿಂದ?"

"ಎರಡು ವಾರ. ಬರೀ ಅಳತೆಗೆ ಅಂತ..."

"ನಗ್ತಿದ್ದೆ ನೀನು. ಮೇಲಿಂದ ಇಲ್ಲೀವರೆಗೂ ನಗ್ತಾ ಬಂದೆ."

"ನಗಲಿಲ್ಲ ಕಣೇ, ಕಿರುಚಿದೆ."

"ನಂಗೆ ಕೇಳಿಸ್ತು ಅಮ್ಮ." ಅವಳು ಗಂಡನ ಕಡೆ ತಿರುಗಲಿಲ್ಲ, ನನ್ನ ಕೈ ಹಿಡಿದಳು. "ಅವರು ಬಿದ್ದದ್ದು ಎಲ್ಲಿ? ತೋರಿಸು."

ಕರೆದುಕೊಂಡು ಹೋದೆ. ಬಂಡೆಯ ಮುಂದೆ ನಿಂತು ಬಣ್ಣದ ಗೆರೆಯ ಮೇಲೆ ಬೆರಳಾಡಿಸಿದಳು. ಆಮೇಲೆ ನನ್ನ ದಾರಿ ಎಲ್ಲಿ ಕವಲೊಡೆಯುತ್ತದೋ ಅಲ್ಲಿಂದ ಶುರುಮಾಡಿ ಕೆಳಗಿನವರೆಗೆ ನಡೆದಳು, ಮತ್ತೆ ಹತ್ತಿದಳು, ಮತ್ತೆ ಇಳಿದಳು. ಒಂದು ಸಡಿಲ ಕಲ್ಲು ಕಾಲಿಗೆ ಸಿಕ್ಕಿತು, ಬಗ್ಗಿ ಎತ್ತಿ ಪೊದೆಗೆ ಎಸೆದಳು. ಒಂದು ಗಂಟೆ ಆಯಿತು. ಮೇಡಂ ಗಡಿಯಾರ ನೋಡಿಕೊಂಡರೂ ಕಾದರು. ಅಳಿಯ ಊರುಗೋಲೂರಿ ಎದ್ದು ನಿಂತಿದ್ದ, ಕೂರು ಎಂದರೂ ಕೂರಲಿಲ್ಲ.

"ಅವಳು ಏನೇ ತೀರ್ಮಾನ ಮಾಡಿದ್ರೂ ಸರಿ ಕಣೋ ಮಗ, ಅವಳ ಮೇಲೆ ಬೇಜಾರು ಬೇಡ" ಎಂದೆ.

"ಇಲ್ಲಮ್ಮ" ಎಂದ.

ಮಗಳು ಬಂದು ಮೇಡಂ ಕೈಯಿಂದ ಕಾಗದ ತೆಗೆದುಕೊಂಡಳು. "ನಾನು ನಡೆಯುವವಳು. ಸೈಕಲ್ ಮುಟ್ಟಿದವಳಲ್ಲ, ಮುಟ್ಟೋದೂ ಇಲ್ಲ" ಎಂದು ಮೊದಲ ಸಾಲಿನ ಕೆಳಗೆ ಸಹಿ ಹಾಕಿದಳು. ಅಭಿಪ್ರಾಯ ಎಂಬಲ್ಲಿ ನಾಲ್ಕು ಸಾಲಿನ ಜಾಗವಿತ್ತು. ಅದನ್ನೇ ನೋಡುತ್ತಾ ನಿಂತು, ಕೊನೆಗೆ ಏನೋ ಗೀಚಿ ಕೊಟ್ಟಳು. ನನ್ನ ಬಳಿ ಕನ್ನಡಕ ಇರಲಿಲ್ಲ. ಮೇಡಂ ಗಟ್ಟಿಯಾಗಿ ಓದಿದರು:

'ನನ್ನ ತಾಯಿಯೂ ನನ್ನ ಗಂಡನೂ ಇಳಿಯುವ ದಾರಿ ಇದು. ನನಗೆ ಹೆದರಿಕೆ ಇದೆ. ಇರಲಿ, ದಾರಿಯೂ ಇರಲಿ.'